ಹಳೆಯ ಪುಸ್ತಕಗಳ ಬೀದಿಯಲ್ಲಿ ಒಂದು ಸುತ್ತು

ಊರೊಂದರ ಚರಿತ್ರೆಯನ್ನು ಅರಿಯಲು ನಾವು ಕೋಟೆ, ಗುಡಿ, ಶಾಸನಗಳ ಬಳಿಗೆ ಹೋಗುತ್ತೇವೆ. ಆ ಚರಿತ್ರೆಯ ಒಂದು ಪಾಲು ರಸ್ತೆಬದಿಯ ಹಳೆಯ ಪುಸ್ತಕಗಳ ರಾಶಿಯಲ್ಲಿಯೂ ಅಡಗಿದೆ ಎಂದರೆ ನಿಮಗೆ ಅಚ್ಚರಿಯಾದೀತು. ಬನ್ನಿ, ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಒಂದು ಸುತ್ತು ಹಾಕೋಣ.

ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜ ಮಾರುಕಟ್ಟೆಯವರೆಗೆ ಸಾಗುವ ಈ ರಸ್ತೆಯ ಹಿಂದಿನ ಹೆಸರು ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆಯ ಮುಖ್ಯ ಬೀದಿಗಳಲ್ಲಿ ಇದೂ ಒಂದು. ಇಲ್ಲಿರುವ ರೈಸ್ ಸ್ಮಾರಕ ಚರ್ಚಿಗೆ ಪಾದ್ರಿ ಬೆಂಜಮಿನ್ ರೈಸ್ ಅವರ ಹೆಸರಿದೆ. ನಾಡಿನ ಸಾವಿರಾರು ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಇವರ ಮಗ. ಸೆಂಟ್ರಲ್ ಕಾಲೇಜು, 1917ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು ಮೊದಲಾದ ವಿದ್ಯಾಸಂಸ್ಥೆಗಳು ಇಲ್ಲಿಗೆ ನಡಿಗೆಯ ದೂರದಲ್ಲಿವೆ. ಒಂದು ವರ್ಷದ ವಿದ್ಯಾರ್ಥಿ ಓದಿ ಮಾರಿದ ಪಠ್ಯ ಮುಂದಿನ ವರ್ಷದ ವಿದ್ಯಾರ್ಥಿಯ ಕೈ ಸೇರುತ್ತಿತ್ತು. ಹೊಸ ಪುಸ್ತಕ ಕೊಳ್ಳಲಾಗದ ಎಷ್ಟೋ ಮನೆಗಳ ಮಕ್ಕಳು ಪದವಿ ಪಡೆದದ್ದು ಇಂತಹ ಪುಸ್ತಕಗಳ ಬಲದಿಂದಲೇ.

ಬೆಂಗಳೂರು ಬಹುಕಾಲ ಎರಡು ಊರಾಗಿತ್ತು. ಒಂದು ಪೇಟೆ, ಇನ್ನೊಂದು 1809ರಲ್ಲಿ ನೆಲೆಗೊಂಡ ಬ್ರಿಟಿಷರ ದಂಡು. 1949ರಲ್ಲಿ ಇವೆರಡೂ ಒಂದೇ ಕಾರ್ಪೊರೇಷನ್ನಿನ ಆಡಳಿತಕ್ಕೆ ಬಂದವು. ದಂಡಿನ ಭಾಗದಲ್ಲಿ ಇಂಗ್ಲಿಷ್ ಗ್ರಂಥಗಳನ್ನು ಅರಸುವವರಿಗೆ ಬ್ರಿಗೇಡ್ ರಸ್ತೆಯ ಓಣಿಯ ಸೆಲೆಕ್ಟ್ ಬುಕ್ ಶಾಪ್ ಚಿರಪರಿಚಿತ. ಕೆ.ಬಿ.ಕೆ. ರಾವ್ ಅವರು 1945ರಲ್ಲಿ ಸ್ಥಾಪಿಸಿದ ಅಂಗಡಿ ಅದು. ಆದರೆ ಹಳೆಯ ಕನ್ನಡ ಪುಸ್ತಕದ ಬೇಟೆಗೆ ಹೊರಟವರು ಪೇಟೆಯ ಕಡೆಗೇ ತಿರುಗಬೇಕು.

ಈಗ ರಾಶಿಯಿಂದ ಒಂದು ಪುಸ್ತಕವನ್ನು ಎತ್ತಿಕೊಳ್ಳಿ. ರಟ್ಟು ಕಿತ್ತುಹೋಗಿದೆ, ಇಸವಿ ಕಾಣುತ್ತಿಲ್ಲ. ನಿರಾಶರಾಗಬೇಡಿ. ಮೊದಲು ಬೆಲೆಯನ್ನು ನೋಡಿ. ‘1-8-0’ ಎಂದಿದ್ದರೆ ಅದು ಒಂದು ರೂಪಾಯಿ ಎಂಟಾಣೆ. ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು ಎಂಬ ಲೆಕ್ಕ 1957ರ ಏಪ್ರಿಲ್ 1ರಂದು ಮುಗಿದು, ರೂಪಾಯಿಗೆ 100 ನಯಾಪೈಸೆಗಳಾದವು. 1964ರಲ್ಲಿ ‘ನಯಾ’ ಎಂಬ ಮಾತು ಬಿದ್ದುಹೋಗಿ ಬರಿಯ ‘ಪೈಸೆ’ ಉಳಿಯಿತು. ಆದ್ದರಿಂದ ‘ನಯಾಪೈಸೆ’ ಎಂದು ಅಚ್ಚಾದ ಪುಸ್ತಕ ಹೆಚ್ಚುಕಡಿಮೆ ಆ ಏಳು ವರ್ಷಗಳ ಕೂಸು.

ಕೆಲವು ಹಳೆಯ ಪುಸ್ತಕಗಳಲ್ಲಿ ಇಸವಿಯ ಬದಲು ಸಂವತ್ಸರದ ಹೆಸರಿರುತ್ತದೆ. ‘ಹೇವಿಳಂಬಿ’ ಎಂದಿದ್ದರೆ ಅದು 1897ರ ಯುಗಾದಿಯಿಂದ ಮೊದಲಾದ ವರ್ಷವೋ, 1957ರದೋ? ಸಂವತ್ಸರ ಚಕ್ರ 60 ವರ್ಷಗಳಿಗೊಮ್ಮೆ ಮರಳುವುದರಿಂದ ಹೆಸರೊಂದೇ ಸಾಲದು. ಪಕ್ಕದಲ್ಲಿ ನಯಾಪೈಸೆಯ ಬೆಲೆ ಇದ್ದರೆ ಸಂಶಯ ಅಲ್ಲಿಗೇ ಪರಿಹಾರ. ಆಣೆಯ ಬೆಲೆ ಇದ್ದರೆ ಹಿಂದಿನ ಹೇವಿಳಂಬಿಯ ಕಡೆಗೆ ತಕ್ಕಡಿ ವಾಲುತ್ತದೆ. ಕಾಗದ, ಅಚ್ಚಿನ ಮೊಳೆಗಳನ್ನೂ ನೋಡಿ ನಿರ್ಣಯಕ್ಕೆ ಬನ್ನಿ.

ಇನ್ನು ವಿಳಾಸ. ‘ಬೆಂಗಳೂರು-2’ ಎಂಬುದು ಹಳೆಯ ಅಂಚೆ ವಲಯದ ಸಂಖ್ಯೆ. ಆರಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ‘560 002’ ಎಂದು ಅಚ್ಚಾಗಿದ್ದರೆ ಆ ಪ್ರತಿ ಅದಕ್ಕಿಂತ ಹಿಂದಿನದಲ್ಲ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ರ ನಾಮಕರಣಕ್ಕೆ ಮೊದಲಿನದೆಂದು ಊಹಿಸಬಹುದು. ಹಳೆಯ ರೂಢಿ ಬೇಗ ಬಿಡುವುದಿಲ್ಲ ಎಂಬ ಎಚ್ಚರವೂ ಇರಲಿ. ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು; ವೃತ್ತದ ಹೆಸರು ಮಾತ್ರ ಜನರ ಬಾಯಲ್ಲಿ ಹಾಗೆಯೇ ಇದೆಯಲ್ಲವೇ?

ಅಚ್ಚಿನ ಅಕ್ಷರದಷ್ಟೇ ಕೈಬರಹವೂ ಮಾತಾಡುತ್ತದೆ. ಶಾಲೆಯ ಬಹುಮಾನದ ಚೀಟಿ, ಮುಚ್ಚಿಹೋದ ವಾಚನಾಲಯದ ಮೊಹರು, ಮದುವೆಯ ಉಡುಗೊರೆಯೆಂದು ಬರೆದ ಎರಡು ಸಾಲು, ಅಂಚಿನಲ್ಲಿ ಪೆನ್ಸಿಲಿನ ತಕರಾರು. ಜನ ಏನನ್ನು ಓದಿದರು, ಹೇಗೆ ಓದಿದರು ಎಂಬುದಕ್ಕೆ ಇವುಗಳಿಗಿಂತ ಒಳ್ಳೆಯ ದಾಖಲೆ ಯಾವುದು? ಹೊಸ ಪ್ರತಿಯಲ್ಲಿ ಇದಾವುದೂ ದೊರೆಯದು.

ಹುಡುಕಾಟದ ಸಂತೋಷದ ಹಿಂದೆ ಒಂದು ಹೊಣೆಯೂ ಇದೆ. ಮುದ್ರಣದ ವಿವರಗಳಿರುವ ಪುಟದಲ್ಲಿ ‘ಪ್ರತಿಗಳು 1000’ ಎಂಬುದನ್ನು ನೀವು ಕಂಡಿರಬಹುದು. ಎಷ್ಟೋ ಕನ್ನಡ ಪುಸ್ತಕಗಳು ಆ ಒಂದು ಮುದ್ರಣದಲ್ಲೇ ನಿಂತುಹೋದವು. ಪ್ರಕಟವಾದ ಪ್ರತಿ ಪುಸ್ತಕವನ್ನೂ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳುಹಿಸಬೇಕೆಂಬ ಕಾನೂನು 1954ರಲ್ಲಿ ಬಂದರೂ ಎಲ್ಲರೂ ಅದನ್ನು ಪಾಲಿಸಲಿಲ್ಲ. ಲೇಖಕರೇ ಕೈಯಿಂದ ಹಣ ಹಾಕಿ ಅಚ್ಚುಮಾಡಿಸಿದ ಊರ ಚರಿತ್ರೆ, ನಾಟಕ, ಹಾಡಿನ ಪುಸ್ತಕಗಳಿಗಂತೂ ಮನೆಯ ಕಪಾಟೇ ಗ್ರಂಥಭಂಡಾರ. ಹಿರಿಯರು ತೀರಿಕೊಂಡು ಕಪಾಟು ಖಾಲಿಯಾದಾಗ ಅವು ರದ್ದಿಯ ತಕ್ಕಡಿಯನ್ನು ಏರುತ್ತವೆ. ಅಲ್ಲಿಂದ ಕಾಗದದ ಗಿರಣಿಗೆ ಹೋದರೆ ಕತೆ ಮುಗಿಯಿತು. ಹಳೆಯ ಪುಸ್ತಕದ ವ್ಯಾಪಾರಿ ಆ ದಾರಿಯಲ್ಲಿ ಅಡ್ಡನಿಂತು ಕೆಲವನ್ನಾದರೂ ಎತ್ತಿಡುತ್ತಾನೆ. ಅವನು ಅದನ್ನು ಹೊಟ್ಟೆಪಾಡಿಗಾಗಿ ಮಾಡಿದರೂ ನಾಡಿಗೆ ಆಗುವ ಉಪಕಾರ ದೊಡ್ಡದು.

ಆದ್ದರಿಂದ ಮನೆಯ ಹಳೆಯ ಪುಸ್ತಕಗಳನ್ನು ತೂಕಕ್ಕೆ ಹಾಕುವ ಮುನ್ನ ಒಮ್ಮೆ ಪುಟ ತಿರುವಿ ನೋಡಿ. ಬೇಡವೆನಿಸಿದರೆ ಗ್ರಂಥಾಲಯಕ್ಕೋ ಹಳೆಯ ಪುಸ್ತಕದ ಅಂಗಡಿಗೋ ತಲುಪಿಸಿ. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬೇಡಿ, ಅದರ ಗೋಂದು ಕಾಗದವನ್ನು ಇನ್ನಷ್ಟು ಕೆಡಿಸುತ್ತದೆ. ಬಿಡುವಿನ ದಿನ ಒಂದು ಕೈಚೀಲ ಹಿಡಿದು ಪೇಟೆಗೆ ಹೊರಡಿ. ಹುಡುಕಿದ್ದು ಸಿಗದಿರಬಹುದು, ಹುಡುಕದೇ ಇದ್ದದ್ದು ಸಿಕ್ಕೀತು. ನೀವು ಎತ್ತಿಕೊಂಡ ಆ ಪ್ರತಿ ಉಳಿದಿರುವ ಕೆಲವೇ ಪ್ರತಿಗಳಲ್ಲಿ ಒಂದಾಗಿರಲೂಬಹುದು.