ಬಾದಾಮಿಯ ಉತ್ತರದ ಮೆಟ್ಟಿಲು

ಸಿಕಂದರಾಬಾದಿನಿಂದ ಬಾದಾಮಿಗೆ ಹೋಗಿ ಬಂದವರು ನನಗೆ ತೋರಿಸುವುದೆಲ್ಲ ದಕ್ಷಿಣದ ನಾಲ್ಕು ಗುಹೆಗಳ ಫೋಟೋ. ಕೆರೆಯಾಚೆಯ ಉತ್ತರದ ಗುಡ್ಡ ಹತ್ತಿದ್ರಾ ಅಂತ ಕೇಳಿದರೆ, 'ಬಿಸಿಲು ಸಾರ್' ಅನ್ನುತ್ತಾರೆ.

ಅಲ್ಲಿ ಕೆಂಪು ಮರಳುಗಲ್ಲು ಸೀಳಿ, ಎರಡು ಗೋಡೆಗಳ ನಡುವೆ ಓಣಿಯಂಥ ಮೆಟ್ಟಿಲ ದಾರಿಯಿದೆ. ಇಂಥ ಇಕ್ಕಟ್ಟಿನಲ್ಲಿ ನಾಲ್ಕು ಜನ ನಿಂತರೆ ದಂಡನ್ನೇ ತಡೆಯಬಹುದು. ಈ ಬೆಟ್ಟಗಳನ್ನು ನಂಬಿಯೇ 543ರಲ್ಲಿ ಒಂದನೇ ಪುಲಕೇಶಿ ಕೋಟೆ ಕಟ್ಟಿಸಿದ. ಆದರೂ 642ರಲ್ಲಿ ಪಲ್ಲವ ನರಸಿಂಹವರ್ಮ ಊರು ಗೆದ್ದು, ಬಂಡೆಯ ಮೇಲೆ ಶಾಸನ ಕೊರೆಸಿದ. ಮುಂದೆ ಚಾಲುಕ್ಯರು ಊರನ್ನು ಮರಳಿ ಪಡೆದರು. ವೈರಿಯ ಬರಹ ಸವೆದರೂ ಇವತ್ತಿಗೂ ಉಳಿದಿದೆ.

ಮುಂದಿನ ಸಲ ನೀರು ತಗೊಂಡು ಬೆಳಿಗ್ಗೆಯೇ ಹತ್ತಿ. ಮೇಲೆ ಶಿವಾಲಯಗಳಿವೆ. ಗೋಡೆ ಮೇಲೆ ಹೆಸರು ಮಾತ್ರ ಗೀಚಬೇಡಿ. ಈ ಕಲ್ಲು ಬರೆದದ್ದನ್ನು ಬೇಗ ಬಿಡುವುದಿಲ್ಲ.