ಅಪ್ಪನ ಯೆಜ್ಡಿ, ಚಾಮುಂಡಿ ಬೆಟ್ಟ ಮತ್ತು ನ್ಯೂಟ್ರಲ್ ಗೇರ್

ಇವತ್ತಿನ ಎಪಿಸೋಡ್ ಶುರುವಾಗೋದು ನಮ್ಮನೆ ಜಗಳದಿಂದ. ಮೊನ್ನೆ ಅಪ್ಪನ್ನ ಹಿಂದೆ ಕೂರಿಸ್ಕೊಂಡು ಚಾಮುಂಡಿ ಬೆಟ್ಟ ಇಳೀತಿದ್ದೆ. ಎರಡನೇ ಗೇರ್‌ಗೆ ಹಾಕಿ ಎಕ್ಸಿಲೇಟರ್ ಬಿಟ್ಟೆ, ಇಂಜಿನ್ ಗುರ್ ಅಂತು. ಹೆಗಲ ಮೇಲೆ ಏಟು ಬಿತ್ತು: "ಇಂಜಿನ್ ಹಾಳಾಗುತ್ತೆ ಕಣೋ, ನ್ಯೂಟ್ರಲ್ ಮಾಡು!" ಮಾಡಿದೆ. ನಾಲ್ಕೈದು ತಿರುವು ಆಗೋ ಹೊತ್ತಿಗೆ ಬ್ರೇಕ್ ಕಾದು ಲಿವರ್ ಮೆತ್ತಗಾಯ್ತು. ತಡೆಗೋಡೆಗೆ ಒಂದು ಮೊಳ ಇರುವಾಗ ಗಾಡಿ ನಿಂತಿತು.

ಅಪ್ಪ ಹೇಳಿದ್ದು ಸುಳ್ಳಲ್ಲ. ಅದು ಬೇರೆ ಇಂಜಿನ್‌ಗೆ ಹೇಳಬೇಕಾದ ಮಾತು, ಅಷ್ಟೇ.

ಅವರು ಕಲಿತಿದ್ದು ಯೆಜ್ಡಿಯಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮಾಡಿದ ಜಾವಾ, ಯೆಜ್ಡಿ ಟೂ ಸ್ಟ್ರೋಕ್ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಪೆಟ್ರೋಲ್ ಜೊತೆಗೇ ಆಯಿಲ್ ಬೆರೆಸಿ ಹಾಕಬೇಕಿತ್ತು. ಪಿಸ್ಟನ್‌ಗೆ ಜಿಡ್ಡು ಸಿಗ್ತಿದ್ದದ್ದು ಆ ಪೆಟ್ರೋಲ್‌ನಿಂದಲೇ. ಈಗ ಯೋಚಿಸಿ: ಇಳಿಜಾರಿನಲ್ಲಿ ಎಕ್ಸಿಲೇಟರ್ ಬಿಟ್ರೆ ಪೆಟ್ರೋಲ್ ಬರೋದು ಕಮ್ಮಿ, ಅಂದ್ರೆ ಆಯಿಲ್ಲೂ ಕಮ್ಮಿ. ಆದ್ರೆ ಚಕ್ರ ಇಂಜಿನ್ನನ್ನ ಜೋರಾಗಿ ತಿರುಗಿಸ್ತಾನೇ ಇರುತ್ತೆ. ಒಣ ಪಿಸ್ಟನ್ ಬಿಸಿಯಾಗಿ ಸಿಲಿಂಡರ್‌ನಲ್ಲಿ ಕಚ್ಚಿಕೊಂಡ್ರೆ ಇಂಜಿನ್ ಸೀಜ್, ಹಿಂದಿನ ಚಕ್ರ ಲಾಕ್. ಅದಕ್ಕೇ ಆಗಿನವರು ಮಧ್ಯೆ ಮಧ್ಯೆ ಕ್ಲಚ್ ಹಿಡಿದು ಎಕ್ಸಿಲೇಟರ್ ಒಂದ್ಸಲ ತಿರುವ್ತಿದ್ರು.

ಈ ಭಯ ಮೈಸೂರಿನವರಿಗೆ ಮಾತ್ರ ಇರಲಿಲ್ಲ. ಸ್ವೀಡನ್ನಿನ ಸಾಬ್ ಕಂಪನಿಯ ಕಾರುಗಳೂ ಮೊದಲು ಟೂ ಸ್ಟ್ರೋಕೇ. ಅವರು ಫ್ರೀವೀಲ್ ಅನ್ನೋ ವ್ಯವಸ್ಥೆ ಕೊಟ್ರು: ಕಾಲು ತೆಗೆದ ತಕ್ಷಣ ಇಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಟ್. ತಮಾಷೆ ಏನು ಗೊತ್ತಾ? ಮುಂದೆ ಸಾಬ್ 96ಕ್ಕೆ ಫೋರ್ ಸ್ಟ್ರೋಕ್ ವಿ4 ಇಂಜಿನ್ ಬಂದ ಮೇಲೂ ಫ್ರೀವೀಲ್ ಹೋಗಲಿಲ್ಲ. 1980ರಲ್ಲಿ ಆ ಕಾರು ನಿಲ್ಲೋವರೆಗೂ ಇತ್ತು. ನಮ್ಮಪ್ಪನ ಥರಾನೇ!

ಬೈಕ್‌ಗಳಲ್ಲಿ ಯಮಾಹ 1964ರಲ್ಲಿ ಆಟೋಲೂಬ್ ತಂದಿತು. ಆಯಿಲ್‌ಗೆ ಬೇರೆ ಟ್ಯಾಂಕ್, ಬೇರೆ ಪಂಪ್. ಎಕ್ಸಿಲೇಟರ್ ಮುಚ್ಚಿದ್ರೂ ಇಂಜಿನ್ ತಿರುಗೋವಷ್ಟು ಹೊತ್ತು ಸ್ವಲ್ಪ ಆಯಿಲ್ ಹೋಗ್ತಿರುತ್ತೆ. ನಮ್ಮಲ್ಲಿ ಆರ್‌ಎಕ್ಸ್ 100 ಓಡಿಸಿದವರಿಗೆ ಆ 2ಟಿ ಟ್ಯಾಂಕ್ ನೆನಪಿರುತ್ತೆ.

ಇವತ್ತಿನ ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಆಯಿಲ್ ಪಂಪನ್ನ ತಿರುಗಿಸೋದು ಇಂಜಿನ್ನೇ. ಎಕ್ಸಿಲೇಟರ್ ಬಿಟ್ರೂ ಆಯಿಲ್ ನಿಲ್ಲಲ್ಲ. ಆದ್ರಿಂದ ಇಳಿಜಾರಲ್ಲಿ ಗೇರ್‌ನಲ್ಲೇ ಇಳೀರಿ, ಬ್ರೇಕ್ ಉಳಿಯುತ್ತೆ. ಹಾಗಂತ 80ರ ಸ್ಪೀಡ್‌ನಲ್ಲಿ ಫಸ್ಟ್ ಗೇರ್‌ಗೆ ಒದೀಬೇಡಿ. ರೆವ್ ಲಿಮಿಟರ್ ಇಂಧನ ಅಥವಾ ಕಿಡಿ ತಡೆಯುತ್ತೆ ಅಷ್ಟೇ, ಚಕ್ರ ಇಂಜಿನ್ನನ್ನ ತಿರುಗಿಸೋದನ್ನ ತಡೆಯಲ್ಲ. ವಾಲ್ವ್ ಪಿಸ್ಟನ್‌ಗೆ ಬಡಿದ್ರೆ ದೊಡ್ಡ ಖರ್ಚು. ಒಂದೊಂದೇ ಗೇರ್ ಇಳಿಸಿ.

ಇಷ್ಟೆಲ್ಲ ಅಪ್ಪಂಗೂ ವಿವರಿಸಿದೆ. ಭಾನುವಾರ ಮತ್ತೆ ಬೆಟ್ಟಕ್ಕೆ ಹೋಗ್ತಿದ್ದೀವಿ. ಅವರು ಬಸ್ಸಲ್ಲಿ ಬರ್ತಾರಂತೆ.