ಎಸ್ಪ್ರೆಸೊ ಅಡುಗೆಮನೆ ಸೇರಿದ ಬಗೆ

ಇಟಲಿಯಲ್ಲಿ ಎಸ್ಪ್ರೆಸೊ ಹುಟ್ಟಿದ್ದು ಬೀದಿ ಬದಿಯ ಬಾರಿನಲ್ಲಿ. ಅಲ್ಲಿ ಬಾರ್ ಎಂದರೆ ಮದ್ಯದಂಗಡಿಯೇ ಆಗಬೇಕಿಲ್ಲ. ಬೆಳಗ್ಗೆ ಕೆಲಸಕ್ಕೆ ಹೊರಟವರು ಕೌಂಟರಿಗೆ ಒರಗಿ, ನಿಂತೇ ನಾಲ್ಕು ಗುಟುಕು ಕಾಫಿ ಕುಡಿದು ಮುಂದೆ ಸಾಗುವ ಜಾಗ ಅದು. ಇಪ್ಪತ್ತನೇ ಶತಮಾನದ ಮೊದಲರ್ಧ ಪೂರ್ತಿ ಈ ಕಾಫಿ ಬೇಕೆಂದರೆ ಹೊಸ್ತಿಲು ದಾಟಲೇಬೇಕಿತ್ತು. ಮನೆಯಲ್ಲಿ ಪುಡಿ ಇತ್ತು, ನೀರಿತ್ತು, ಒಲೆಯಿತ್ತು. ಒತ್ತಡ ಮಾತ್ರ ಇರಲಿಲ್ಲ. ಬಿಸಿನೀರನ್ನು ಒತ್ತಿಟ್ಟ ಕಾಫಿ ಪುಡಿಯೊಳಗೆ ನುಗ್ಗಿಸುವ ಬಲ ಅಂಗಡಿಯ ಹಿತ್ತಾಳೆ ಬಾಯ್ಲರಿನ ಸೊತ್ತಾಗಿತ್ತು. ಆ ಬಲವನ್ನು ಮನೆಯ ಒಲೆಯ ಪಕ್ಕಕ್ಕೆ ತರಲು ಇಟಲಿಯ ಕುಶಲಿಗರು ಎರಡು ತಲೆಮಾರು ಹೆಣಗಿದರು.

ಮೊದಲ ಹೆಜ್ಜೆ ಇಟ್ಟದ್ದು ಟ್ಯೂರಿನ್ ನಗರ. 1884ರಲ್ಲಿ ಅಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಆಂಜೆಲೊ ಮೊರಿಯೊಂಡೊ ಎಂಬ ಹೋಟೆಲ್ ಮಾಲೀಕ ಆವಿಯ ಬಲದಿಂದ ಕಾಫಿ ಇಳಿಸುವ ಯಂತ್ರವನ್ನು ತಂದಿಟ್ಟ. ಅದೇ ವರ್ಷ ಪೇಟೆಂಟೂ ಸಿಕ್ಕಿತು. ಆದರೆ ಅದು ಒಮ್ಮೆಗೇ ಹಲವರಿಗಾಗುವಷ್ಟು ಕಾಫಿ ಇಳಿಸುವ ಯಂತ್ರ, ಬಿಡಿ ಲೋಟದ ಲೆಕ್ಕ ಅದಕ್ಕೆ ತಿಳಿಯದು. ಬಿಡಿ ಲೋಟದ ಯೋಚನೆ ಬಂದದ್ದು ಮಿಲಾನಿನ ಲೂಯಿಜಿ ಬೆಝೆರಾನಿಗೆ, 1901ರಲ್ಲಿ. ಹಿಡಿಕೆಯುಳ್ಳ ಪುಟ್ಟ ಬಟ್ಟಲು, ಅದರ ತಳಕ್ಕೆ ಜಾಲರಿ. ಒಬ್ಬ ಗಿರಾಕಿಗೆ ಬೇಕಾದಷ್ಟೇ ಪುಡಿ ತುಂಬಿ ಯಂತ್ರದ ಬಾಯಿಗೆ ತಿರುಗಿಸಿ ಸಿಕ್ಕಿಸಿದರೆ ಕಾಫಿ ನೇರವಾಗಿ ಅವನ ಲೋಟಕ್ಕೆ ಬೀಳುತ್ತದೆ. ನೂರಿಪ್ಪತ್ತು ವರ್ಷ ಕಳೆದರೂ ಆ ಹಿಡಿಕೆ ಬಟ್ಟಲಿನ ರೂಪ ಹೆಚ್ಚು ಬದಲಾಗಿಲ್ಲ. ಬೆಝೆರಾನ ಪೇಟೆಂಟನ್ನು ಡೆಸಿಡೇರಿಯೊ ಪವೋನಿ ಕೊಂಡುಕೊಂಡು 1905ರಲ್ಲಿ ಯಂತ್ರಗಳನ್ನು ತಯಾರಿಸತೊಡಗಿದ. ಮರುವರ್ಷ ಮಿಲಾನಿನ ಅಂತಾರಾಷ್ಟ್ರೀಯ ಪ್ರದರ್ಶನದಲ್ಲಿ ಲೋಕ ಈ ಕಾಫಿಯ ರುಚಿ ನೋಡಿತು.

ಆದರೆ ಆ ಎಸ್ಪ್ರೆಸೊಗೂ ಇಂದಿನದಕ್ಕೂ ಬಹಳ ಅಂತರವಿದೆ. ಆವಿಯಿಂದ ಹುಟ್ಟುತ್ತಿದ್ದ ಒತ್ತಡ ವಾತಾವರಣದ ಒತ್ತಡದ ಒಂದೂವರೆ–ಎರಡು ಪಟ್ಟು, ಅಷ್ಟೆ. ನೀರು ಕುದಿಯುವ ಹಂತದಲ್ಲಿಯೇ ಪುಡಿಗೆ ತಾಗುತ್ತಿದ್ದುದರಿಂದ ಕಾಫಿ ಸೀದ ವಾಸನೆ ಹೊತ್ತು, ಕಪ್ಪಗೆ, ಕಹಿಯಾಗಿ ಇಳಿಯುತ್ತಿತ್ತು. ಮೇಲೆ ನೊರೆ ಇಲ್ಲ. ಜನ ಮೆಚ್ಚಿದ್ದು ಅದರ ವೇಗವನ್ನು. 1922ರಲ್ಲಿ ಲಿಯೊನೆತ್ತೊ ಕಪಿಯೆಲ್ಲೊ ವಿಕ್ಟೋರಿಯಾ ಅರ್ಡುಯಿನೊ ಕಂಪನಿಗೆ ಬರೆದುಕೊಟ್ಟ ಜಾಹೀರಾತು ಚಿತ್ರದಲ್ಲಿ ರೈಲಿನಿಂದ ಹೊರಕ್ಕೆ ಬಾಗಿದ ಪ್ರಯಾಣಿಕನೊಬ್ಬ ಯಂತ್ರದಿಂದ ಕಾಫಿ ಲೋಟ ತೆಗೆದುಕೊಳ್ಳುತ್ತಾನೆ. ರೈಲಿನ ಉಗಿ, ಕಾಫಿಯ ಉಗಿ ಎರಡೂ ಹೊಸ ಕಾಲದ ಗುರುತಾಗಿದ್ದ ದಿನಗಳವು.

ಹಾಗಾದರೆ ಮನೆಯಲ್ಲಿ ಏನು ಕುಡಿಯುತ್ತಿದ್ದರು? ದಕ್ಷಿಣ ಇಟಲಿಯ ಮನೆಗಳಲ್ಲಿ ನಪೊಲೆತಾನ ಎಂಬ ಪಾತ್ರೆ ಇತ್ತು. ಪ್ಯಾರಿಸ್ಸಿನ ಮೊರೀಜ್ ಎಂಬ ತಗಡು ಕೆಲಸಗಾರ 1819ರಲ್ಲಿ ಮಾಡಿದ ಪಾತ್ರೆಯೇ ನೇಪಲ್ಸ್‌ಗೆ ಬಂದು ಅಲ್ಲಿನದೇ ಆಗಿಬಿಟ್ಟಿತ್ತು. ಕೆಳಗಿನ ಪಾತ್ರೆಯಲ್ಲಿ ನೀರು ಕುದಿಸಿ, ಇಡೀ ಜೋಡಿಯನ್ನು ತಲೆಕೆಳಗು ಮಾಡಿ ಇಟ್ಟರೆ ನೀರು ತನ್ನ ಭಾರಕ್ಕೇ ಪುಡಿಯ ಮೂಲಕ ತೊಟ್ಟಿಕ್ಕುತ್ತದೆ. ಮೈಸೂರು ಸೀಮೆಯ ಮನೆಗಳ ಹಿತ್ತಾಳೆ ಫಿಲ್ಟರೂ ಇದೇ ಕುಲದ್ದು. ಎರಡರಲ್ಲೂ ಕೆಲಸ ಮಾಡುವುದು ಗುರುತ್ವ, ಎರಡಕ್ಕೂ ಬೇಕಾದದ್ದು ಸಹನೆ. 1946ರ ತಮ್ಮ 'ಕ್ವೆಸ್ತಿ ಫಾಂತಾಸ್ಮಿ' ನಾಟಕದಲ್ಲಿ ಎಡುವಾರ್ಡೊ ಡಿ ಫಿಲಿಪ್ಪೊ ಒಂದು ಇಡೀ ದೃಶ್ಯವನ್ನು ಇದಕ್ಕೇ ಮೀಸಲಿಟ್ಟರು. ಕಥಾನಾಯಕ ಬಾಲ್ಕನಿಯಲ್ಲಿ ಕೂತು, ಎದುರುಮನೆಯವರಿಗೆ ಕಾಫಿ ಮಾಡುವ ಕ್ರಮವನ್ನು ವಿವರಿಸುತ್ತಾನೆ. ಘಮ ಹಾರಿಹೋಗದಂತೆ ಪಾತ್ರೆಯ ಮೂತಿಗೆ ಕಾಗದದ ಪೊಟ್ಟಣ ಸಿಕ್ಕಿಸುವ ಗುಟ್ಟನ್ನೂ ಬಿಟ್ಟುಕೊಡುತ್ತಾನೆ. ನೇಪಲ್ಸಿನ ಜನರಿಗೆ ಆ ದೃಶ್ಯ ಇಂದಿಗೂ ಅಚ್ಚುಮೆಚ್ಚು.

ಅಡುಗೆಮನೆಯ ಕಾಫಿಯನ್ನು ಬೇರುಸಹಿತ ಬದಲಿಸಿದವನು ಮಾತ್ರ ಉತ್ತರದ ಕಡೆಯವನು. ಪಿಯೆಮೊಂಟ್ ಸೀಮೆಯ ಕ್ರುಸಿನಾಲೊ ಎಂಬಲ್ಲಿ ಆಲ್ಫೊನ್ಸೊ ಬಿಯಾಲೆಟ್ಟಿಯ ಕಾರ್ಖಾನೆ ಇತ್ತು. ಫ್ರಾನ್ಸಿನಲ್ಲಿ ಅಲ್ಯೂಮಿನಿಯಂ ಎರಕದ ಕೆಲಸ ಕಲಿತು ಬಂದ ಅವನು 1919ರಲ್ಲಿ ಅದನ್ನು ತೆರೆದಿದ್ದ. ಬಟ್ಟೆ ಕುದಿಸುವ ಹಂಡೆಯೊಳಗೆ ಸೋಪಿನ ನೀರು ನಡುಗೊಳವೆಯ ಮೂಲಕ ಮೇಲಕ್ಕೆ ಉಕ್ಕುವುದನ್ನು ನೋಡಿ ಅವನಿಗೆ ಈ ಯೋಚನೆ ಹೊಳೆಯಿತೆಂಬ ಕಥೆ ಇದೆ. ಅಂತೂ 1933ರಲ್ಲಿ ಮೋಕಾ ಪಾತ್ರೆ ಹುಟ್ಟಿತು. ಎಂಟು ಪಟ್ಟೆಗಳ ಅಲ್ಯೂಮಿನಿಯಂ ಮೈ, ಕಪ್ಪು ಬೇಕಲೈಟ್ ಹಿಡಿ. ತಳದ ಕೋಣೆಯ ನೀರು ಕಾದು, ಅಲ್ಲಿ ಕಟ್ಟಿಕೊಂಡ ಒತ್ತಡಕ್ಕೆ ಕೊಳವೆಯಲ್ಲಿ ಮೇಲೇರಿ, ಪುಡಿಯನ್ನು ಹಾದು, ಮೇಲಿನ ಕೋಣೆಯಲ್ಲಿ ಕಾಫಿಯಾಗಿ ನಿಲ್ಲುತ್ತದೆ. ನೀರು ತೀರುವ ಹೊತ್ತಿಗೆ ಪಾತ್ರೆ ಗೊರಗೊರ ಸದ್ದು ಮಾಡುತ್ತದೆ. ಒಲೆ ಆರಿಸಲು ಅದೇ ಸೂಚನೆ.

ಕಾಲವೂ ಮೋಕಾಕ್ಕೆ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡಿತು. ಮುಸೊಲಿನಿಯ ಸರ್ಕಾರ ಸ್ವಾವಲಂಬನೆಯ ಮಂತ್ರ ಜಪಿಸುತ್ತಿತ್ತು. ಬಾಕ್ಸೈಟ್ ಅದಿರು ನೆಲದಲ್ಲೇ ಸಿಗುತ್ತಿದ್ದ ಕಾರಣ ಅಲ್ಯೂಮಿನಿಯಂ ರಾಷ್ಟ್ರೀಯ ಲೋಹವೆಂಬ ಮರ್ಯಾದೆ ಪಡೆಯಿತು. ಆದರೆ ಕಾಫಿ ಬೀಜ ಹಡಗಿನಲ್ಲೇ ಬರಬೇಕು. 1935ರಲ್ಲಿ ಇಟಲಿ ಇಥಿಯೋಪಿಯದ ಮೇಲೆ ದಾಳಿಯಿಟ್ಟು ಅಂತಾರಾಷ್ಟ್ರೀಯ ದಿಗ್ಬಂಧನ ಬಿದ್ದ ಮೇಲೆ ಬೀಜ ತುಟ್ಟಿಯಾಯಿತು. ಬಾರ್ಲಿ, ಚಿಕೋರಿಗಳ ಬದಲಿ ಪುಡಿ ಮನೆ ಹೊಕ್ಕಿತು. ಪಾತ್ರೆ ಅಗ್ಗ, ಒಳಗೆ ಹಾಕುವ ಪುಡಿ ದುಬಾರಿ. ಬಿಯಾಲೆಟ್ಟಿಯೂ ಸುತ್ತಲಿನ ಸಂತೆಗಳಾಚೆ ವ್ಯಾಪಾರ ಬೆಳೆಸಲಿಲ್ಲ. ಯುದ್ಧಕ್ಕೆ ಮುಂಚಿನ ಆರೇಳು ವರ್ಷಗಳಲ್ಲಿ ಮಾರಾಟವಾದದ್ದು ಸುಮಾರು 70 ಸಾವಿರ ಪಾತ್ರೆ ಮಾತ್ರ.

ಉಳಿದದ್ದನ್ನು ಮಗ ರೆನಾಟೊ ಮಾಡಿದ. ಜರ್ಮನ್ ಸೆರೆಶಿಬಿರದಿಂದ ಮರಳಿ 1946ರಲ್ಲಿ ಕಾರ್ಖಾನೆ ಕೈಗೆತ್ತಿಕೊಂಡ ಅವನು ಬೇರೆ ಪಾತ್ರೆಗಳನ್ನೆಲ್ಲ ಬದಿಗಿಟ್ಟು ಮೋಕಾ ಒಂದನ್ನೇ ಹಿಡಿದ. ಮಿಲಾನ್ ಮೇಳದಲ್ಲಿ ದೈತ್ಯಾಕಾರದ ಮೋಕಾ ನಿಲ್ಲಿಸಿದ. ಬೆರಳೆತ್ತಿ ಕಾಫಿ ಕೇಳುವ ಮೀಸೆಯ ಪುಟ್ಟ ಮನುಷ್ಯನ ಗುರುತನ್ನು 1953ರಲ್ಲಿ ಬರೆಸಿದ. ಟೆಲಿವಿಷನ್ ಬಂದ ಮೇಲೆ ಆ ಮೀಸೆಯವನನ್ನು ಮನೆಮನೆಗೂ ಕಳಿಸಿದ. ಮೋಕಾ ಕೋಟಿಗಟ್ಟಲೆ ಮಾರಾಟವಾಯಿತು. 2016ರಲ್ಲಿ ರೆನಾಟೊ ತೀರಿಕೊಂಡಾಗ ಮಕ್ಕಳು ಅವನ ಚಿತಾಭಸ್ಮವನ್ನು ಇಟ್ಟದ್ದು ದೊಡ್ಡದೊಂದು ಮೋಕಾ ಪಾತ್ರೆಯಲ್ಲಿ.

ಕಾಫಿ ಪಂಡಿತರು ಮೋಕಾದ ಕಾಫಿ ಎಸ್ಪ್ರೆಸೊ ಅಲ್ಲ ಎನ್ನುತ್ತಾರೆ. ಅದು ನಿಜ, ಅದರ ಒತ್ತಡ ಬೆಝೆರಾನ ಹಳೆಯ ಯಂತ್ರದಷ್ಟೇ. ಆದರೂ ಮನೆಯ ಕಾಫಿಗೆ ದುಬಾರಿ ಯಂತ್ರಗಳೆಲ್ಲ ಸೇರಿ ಮಾಡಿದ ಉಪಕಾರಕ್ಕಿಂತ ಹೆಚ್ಚನ್ನು ಈ ಅಲ್ಯೂಮಿನಿಯಂ ಪಾತ್ರೆ ಮಾಡಿದೆ. ವಿದ್ಯುತ್ತು ಬೇಡ, ನುರಿತ ಕೈ ಬೇಡ, ಪುಡಿ ಕೊಂಚ ಹೆಚ್ಚುಕಡಿಮೆಯಾದರೂ ಅದು ಮುನಿಯುವುದಿಲ್ಲ.

ಬಾರಿನ ಕಾಫಿ ಅಷ್ಟರಲ್ಲಿ ಇನ್ನಷ್ಟು ದೂರ ಹೋಗಿಬಿಟ್ಟಿತು. ಮಿಲಾನಿನಲ್ಲಿ ಬಾರ್ ನಡೆಸುತ್ತಿದ್ದ ಅಕಿಲ್ಲೆ ಗಾಜಿಯಾ ಸೀದ ರುಚಿಯ ಮೂಲ ಆವಿಯೇ ಎಂದು ಕಂಡುಕೊಂಡು, 1938ರಲ್ಲಿ ಆವಿಯನ್ನು ಪುಡಿಯ ಹತ್ತಿರ ಬಿಡದ ಸಾಧನಕ್ಕೆ ಪೇಟೆಂಟ್ ಪಡೆದ. ಯುದ್ಧ ಮುಗಿದ ಮೇಲೆ ಅದಕ್ಕೆ ಸ್ಪ್ರಿಂಗ್ ಮತ್ತು ಪಿಸ್ಟನ್ ಸೇರಿತು. ಉದ್ದನೆಯ ಹಿಡಿಯನ್ನು ಕೆಳಗೆಳೆದರೆ ಸ್ಪ್ರಿಂಗ್ ಅಮುಕಿಕೊಳ್ಳುತ್ತದೆ. ಬಿಟ್ಟರೆ ಅದು ಹಿಗ್ಗುತ್ತ ನೀರನ್ನು ವಾತಾವರಣದ ಎಂಟು–ಹತ್ತು ಪಟ್ಟು ಒತ್ತಡದಲ್ಲಿ ಪುಡಿಯೊಳಗೆ ತಳ್ಳುತ್ತದೆ. 1948ರ ಹೊತ್ತಿಗೆ ಈ ಯಂತ್ರಗಳು ಮಾರುಕಟ್ಟೆಗೆ ಬಂದವು. ಲೋಟದಲ್ಲಿ ಹಿಂದೆಂದೂ ಕಾಣದ ಹೊಂಬಣ್ಣದ ನೊರೆಯ ಪದರ ಎದ್ದಿತು. ಹುರಿದ ಬೀಜದೊಳಗೆ ಸಿಕ್ಕಿಕೊಂಡಿದ್ದ ಇಂಗಾಲದ ಡೈಆಕ್ಸೈಡ್ ಒತ್ತಡಕ್ಕೆ ನೀರಿನಲ್ಲಿ ಕರಗಿ, ಹೊರಬಂದೊಡನೆ ಸಣ್ಣ ಗುಳ್ಳೆಗಳಾಗುತ್ತದೆ. ಕಾಫಿಯ ಎಣ್ಣೆಯಂಶವೂ ಅದರೊಡನೆ ಬೆರೆಯುತ್ತದೆ. ಗಿರಾಕಿಗಳು ಮೊದಮೊದಲು ಈ ನೊರೆಯನ್ನು ಅನುಮಾನದಿಂದಲೇ ನೋಡಿದರು. ಗಾಜಿಯಾ ಇದು ಕಾಫಿಯ ಸಹಜ ಕೆನೆ, ಇದು ಆವಿಯಿಲ್ಲದೆ ನಡೆಯುವ ಯಂತ್ರ ಎಂದು ಯಂತ್ರದ ಮೈಮೇಲೆಯೇ ಬರೆಸಿದ. ಇಂದು ಎಸ್ಪ್ರೆಸೊ ಎಂದರೆ ಜನ ಮೊದಲು ಹುಡುಕುವುದು ಅದನ್ನೇ. ಏಳು ಗ್ರಾಂ ಪುಡಿ, ಒಂಬತ್ತು ಬಾರ್ ಒತ್ತಡ, ಇಪ್ಪತ್ತೈದು ಸೆಕೆಂಡು, ಇಪ್ಪತ್ತೈದು ಮಿಲಿಲೀಟರ್ ಕಾಫಿ ಎಂಬ ಇಟಲಿಯ ಅಳತೆ ಬೆಳೆದದ್ದು ಅಲ್ಲಿಂದಲೇ.

ಇದನ್ನು ಮನೆಗೆ ತರುವ ಮೊದಲ ಪ್ರಯತ್ನ ಗಾಜಿಯಾ ಕಂಪನಿಯದೇ. 1950ರ ದಶಕದ ಆರಂಭದಲ್ಲಿ ಜಿಲ್ಡಾ ಎಂಬ ಪುಟ್ಟ ಹಿಡಿ ಯಂತ್ರ ಬಂತು. 1961ರಲ್ಲಿ ಲಾ ಪವೋನಿಯ ಯುರೋಪಿಕೊಲಾ ಬಂತು: ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು ನೀರು ಹಿಡಿಯುವ ಬಾಯ್ಲರ್, ಮಿರುಗುವ ಕ್ರೋಮ್ ಮೈ, ಬದಿಗೊಂದು ಆವಿಯ ಕೊಳವೆ. ಅದರಲ್ಲಿ ಸ್ಪ್ರಿಂಗೂ ಇಲ್ಲ. ಒತ್ತಡವೆಲ್ಲ ಹಿಡಿ ಒತ್ತುವ ತೋಳಿನದು. ಎಷ್ಟು ಬಲ, ಎಷ್ಟು ಹೊತ್ತು ಎಂಬುದನ್ನು ಕೈಯೇ ಕಲಿಯಬೇಕು. 1973ರ 'ಲಿವ್ ಅಂಡ್ ಲೆಟ್ ಡೈ' ಚಿತ್ರದಲ್ಲಿ ಜೇಮ್ಸ್ ಬಾಂಡ್ ತನ್ನ ಅಡುಗೆಮನೆಯಲ್ಲಿ ಮೇಲಧಿಕಾರಿಗೆ ಕಾಫಿ ಮಾಡಿಕೊಡುವುದು ಈ ಯಂತ್ರದಲ್ಲೇ. ಬಾಂಡನ ಮನೆಯಲ್ಲಿರುವಂಥ ವಸ್ತು ಎಂದರೆ ಅದು ಇನ್ನೂ ಎಂಥವರ ಮನೆಯಲ್ಲಿತ್ತೆಂದು ತಿಳಿಯುತ್ತದೆ.

ಹಾಲಿನ ಕಾಫಿಯ ಕಥೆಯೂ ಇದೇ ಆವಿಯ ಕೊಳವೆಗೆ ಗಂಟುಬಿದ್ದಿದೆ. ಇಟಲಿಯ ಮನೆಗಳಲ್ಲಿ ಹಾಲು ಬೆರೆಸಿದ ಕಾಫಿ ಹಳೆಯದೇ: ಮೋಕಾದ ಕಾಫಿಗೆ ಒಲೆಯ ಮೇಲೆ ಕಾಸಿದ ಹಾಲು ಸುರಿದು, ದೊಡ್ಡ ಬಟ್ಟಲಿನಲ್ಲಿ ಬ್ರೆಡ್ ಅದ್ದಿಕೊಂಡು ತಿನ್ನುವ ಬೆಳಗಿನ ತಿಂಡಿ. ಆದರೆ ಕಪುಚಿನೊದ ನುಣುಪು ನೊರೆ ಒಲೆಗೆ ಒಲಿಯುವಂಥದ್ದಲ್ಲ. ಆವಿ ರಭಸದಿಂದ ಹಾಲಿಗೆ ನುಗ್ಗುವಾಗ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಹಾಲಿನ ಪ್ರೋಟೀನು ಆ ಗುಳ್ಳೆಗಳನ್ನು ಹಿಡಿದಿಡುತ್ತದೆ. ಅರವತ್ತರಿಂದ ಅರವತ್ತೈದು ಡಿಗ್ರಿಯ ಆಸುಪಾಸಿನಲ್ಲಿ ಹಾಲು ಸಿಹಿ ಎನಿಸುತ್ತದೆ. ಎಪ್ಪತ್ತು ದಾಟಿದರೆ ಕುದಿಸಿದ ಹಾಲಿನ ವಾಸನೆ ಬಂದು ನೊರೆ ಸೊರಗುತ್ತದೆ. ಉಕ್ಕುವವರೆಗೂ ಹಾಲು ಕಾಯಿಸಿ ಅಭ್ಯಾಸವಿರುವ ನಮ್ಮ ಕೈಗಳಿಗೆ ಇಲ್ಲಿ ನಿಲ್ಲಿಸುವುದೇ ಕಷ್ಟ.

ಮನೆಯ ಯಂತ್ರಕ್ಕೆ ಇನ್ನೊಂದು ತೊಡಕಿದೆ. ಕಾಫಿಗೆ ಬೇಕಾದ ನೀರು ತೊಂಬತ್ತರ ಆಚೀಚೆ, ಆವಿಗೆ ಬೇಕಾದದ್ದು ನೂರಕ್ಕಿಂತ ಬಹಳ ಮೇಲೆ. ಒಂದೇ ಬಾಯ್ಲರ್ ಎರಡನ್ನೂ ಒಟ್ಟಿಗೆ ಕೊಡಲಾರದು. ಬಾರುಗಳಿಗೆ ಈ ತೊಡಕನ್ನು ಬಿಡಿಸಿಕೊಟ್ಟದ್ದು ಫಾಯೆಮಾ ಕಂಪನಿಯ ಎರ್ನೆಸ್ಟೊ ವಾಲೆಂಟೆ. 1961ರ ಸೂರ್ಯಗ್ರಹಣದ ನೆನಪಿಗೆ ಇ61 ಎಂದು ಹೆಸರಿಟ್ಟ ಅವನ ಯಂತ್ರದಲ್ಲಿ ಆವಿಯ ಬಾಯ್ಲರಿನೊಳಗೆ ಹಾದುಹೋಗುವ ಬೇರೆ ಕೊಳವೆಯಲ್ಲಿ ಕಾಫಿಯ ನೀರು ಕಾಯುತ್ತಿತ್ತು; ಒತ್ತಡವನ್ನು ತೋಳಿನ ಬದಲು ವಿದ್ಯುತ್ ಪಂಪು ಕೊಡುತ್ತಿತ್ತು. ಮನೆಯ ಅಗ್ಗದ ಯಂತ್ರಗಳಲ್ಲಿ ಇಂದಿಗೂ ಕಾಫಿ ಇಳಿಸಿ, ಬಾಯ್ಲರ್ ಬಿಸಿಯೇರಲು ಕಾದು, ಆಮೇಲೆ ಹಾಲಿಗೆ ಕೈಹಾಕಬೇಕು.

ಕೊನೆಗೆ ಬೆಲೆ ಇಳಿಸಿದ್ದು ಅಂಗೈಗಾತ್ರದ ಕಂಪಿಸುವ ಪಂಪು. ವಿದ್ಯುತ್ಕಾಂತದ ಸೆಳೆತಕ್ಕೆ ಅದರೊಳಗಿನ ಪುಟ್ಟ ಪಿಸ್ಟನ್ ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಓಡಾಡಿ ಬೇಕಾದಷ್ಟು ಒತ್ತಡ ಕೊಡುತ್ತದೆ. 1977ರ ಗಾಜಿಯಾ ಬೇಬಿಯಂಥ ಯಂತ್ರಗಳು ಮಧ್ಯಮವರ್ಗದ ಅಡುಗೆಕಟ್ಟೆ ಏರಿದವು. ಆಗ ಬೇರೊಂದು ಕೊರತೆ ಬಯಲಾಯಿತು: ಪುಡಿ. ಒಂಬತ್ತು ಬಾರ್ ಒತ್ತಡಕ್ಕೆ ಪುಡಿ ನಯವಾಗಿರಬೇಕು, ಒಂದೇ ಸಮನಾಗಿರಬೇಕು. ಇಲ್ಲದಿದ್ದರೆ ನೀರು ಎಲ್ಲೋ ಒಂದು ಕಡೆ ಬಿರುಕು ಹುಡುಕಿಕೊಂಡು ನುಸುಳಿಬಿಡುತ್ತದೆ. ಮಿಕ್ಸಿಯ ಬ್ಲೇಡಿನಿಂದ ಅದು ಆಗದ ಕೆಲಸ. ಒಳ್ಳೆಯ ಗ್ರೈಂಡರಿಗೆ ಯಂತ್ರದಷ್ಟೇ ಬೆಲೆ ತೆರಬೇಕಾದವರು ಬಹಳ. ನೆಸ್ಲೆ 1986ರಲ್ಲಿ ನೆಸ್ಪ್ರೆಸೊ ಕ್ಯಾಪ್ಸೂಲ್ ತಂದು ಗೆದ್ದದ್ದು ಈ ಕಷ್ಟವನ್ನು ನೋಡಿಯೇ. ಅಳೆದು ತುಂಬಿದ ಪುಡಿಯ ಡಬ್ಬಿ ಹಾಕಿ ಗುಂಡಿ ಒತ್ತಿದರೆ ಮುಗಿಯಿತು. ಸುಲಭ ಹೌದು, ಆದರೆ ಕೈಗೆ ಕಲಿಯಲು ಅಲ್ಲಿ ಏನೂ ಉಳಿಯಲಿಲ್ಲ.

ಈ ಇತಿಹಾಸದಲ್ಲಿ ಕರ್ನಾಟಕಕ್ಕೆ ಯಂತ್ರದ ಪಾಲಿಲ್ಲ, ಬೀಜದ ಪಾಲಿದೆ. ಭಾರತದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು, ಬೆಳೆದದ್ದರಲ್ಲಿ ಹೆಚ್ಚಿನದು ರಫ್ತಾಗುತ್ತದೆ, ಅದರ ದೊಡ್ಡ ಗಿರಾಕಿ ಇಟಲಿ. ಎಸ್ಪ್ರೆಸೊ ಮಿಶ್ರಣಕ್ಕೆ ಅಲ್ಲಿನ ಹುರಿಯುವವರು, ಅದರಲ್ಲೂ ದಕ್ಷಿಣದವರು, ರೋಬಸ್ಟ ಸೇರಿಸುತ್ತಾರೆ. ಅರೇಬಿಕಾಕ್ಕಿಂತ ಅದರ ನೊರೆ ದಪ್ಪ, ನಿಲುವು ಹೆಚ್ಚು. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ನೆರಳಿನಡಿ ಬೆಳೆದು, ಪಲ್ಪರಿಗೆ ಹಾಕಿ ತೊಳೆದು ಒಣಗಿಸಿದ ರೋಬಸ್ಟ ಪಾರ್ಚ್‌ಮೆಂಟಿಗೆ ಬೇಡಿಕೆ ಇರುವುದು ಅದಕ್ಕೇ. ಕರಾವಳಿಯ ಮಾನ್ಸೂನ್ಡ್ ಮಲಬಾರ್ ಕಾಫಿಯೂ ಅದೇ ದಾರಿ ಹಿಡಿದಿದೆ. ಹಾಯಿಹಡಗುಗಳು ತಿಂಗಳುಗಟ್ಟಲೆ ಆಫ್ರಿಕಾ ಸುತ್ತಿ ಹೋಗುತ್ತಿದ್ದಾಗ ತೇವಕ್ಕೆ ಬೀಜ ಊದಿ, ಹಳದಿಗಟ್ಟಿ, ಹುಳಿ ಕಳೆದುಕೊಳ್ಳುತ್ತಿತ್ತು. ಆ ರುಚಿಗೆ ಒಗ್ಗಿದ ಯುರೋಪಿಗಾಗಿ ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋದಾಮಿನ ಬಾಗಿಲು ತೆರೆದು, ಮುಂಗಾರು ಗಾಳಿಗೆ ಬೀಜವನ್ನು ಹರಡಿಡುತ್ತವೆ.

ಇತ್ತ ನಮ್ಮ ನಗರಗಳಲ್ಲಿ ಎಸ್ಪ್ರೆಸೊ ಎಂಬ ಹೆಸರು ಮೊದಲು ಪ್ರಚಾರವಾದದ್ದು ಮದುವೆ, ಆರತಕ್ಷತೆಗಳಲ್ಲಿ. ಇನ್‌ಸ್ಟಂಟ್ ಪುಡಿ, ಸಕ್ಕರೆ, ಹಾಲು ಸೇರಿಸಿ ಆವಿಯ ಕೊಳವೆ ಅದ್ದಿ ನೊರೆಯೆಬ್ಬಿಸುವ ಆ ಕಾಫಿಯಲ್ಲಿ ಪುಡಿಗೆ ಒತ್ತಡ ತಾಗುವುದೇ ಇಲ್ಲ. ಆದರೂ ಅದರ ಪರಿಮಳಕ್ಕೆ ಒಂದು ತಲೆಮಾರು ಮನಸೋತಿದೆ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆದ ಮೇಲೆ ಕಪುಚಿನೊ ಕಾಲೇಜು ಹುಡುಗರ ಬಾಯಿಗೂ ಬಂತು. ಈಗ ಕಾಫಿ ಹುರಿದು ಮಾರುವ ಅಂಗಡಿಗಳಲ್ಲಿ ಪುಡಿ ಫಿಲ್ಟರಿಗೋ, ಮೋಕಾಕ್ಕೋ, ಎಸ್ಪ್ರೆಸೊಗೋ ಎಂದು ಕೇಳುತ್ತಾರೆ. ಚಿಕೋರಿಯಿಲ್ಲದ ಕೊಡಗಿನ ರೋಬಸ್ಟ ತೋಟದ ಹೆಸರು ಹೊತ್ತು ಪೊಟ್ಟಣದಲ್ಲಿ ಬರುತ್ತಿದೆ, ಇಟಲಿಯ ಮಿಶ್ರಣದೊಳಗೆ ಹೆಸರಿಲ್ಲದೆ ಕರಗುತ್ತಿದ್ದ ಅದೇ ರೋಬಸ್ಟ.